ನಮ್ಮ ಧ್ವನಿ ನಮಗೇ ಮರಳಿದಾಗ

ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಗಡಿ ದಾಟಿ ವಿಜಯಪುರಕ್ಕೆ ಹೋಗಿಬರುವುದು ನಮ್ಮ ಶಾಲೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಮಕ್ಕಳಿಗೆ ಗೋಳಗುಮ್ಮಟವೆಂದರೆ ಇತಿಹಾಸದ ಪುಸ್ತಕದಲ್ಲಿಯ ಚಿತ್ರವಲ್ಲ. ಅಜ್ಜ ಕಂಡದ್ದು, ಅಪ್ಪ ಕಂಡದ್ದು, ಇಂದು ತಾವು ಕಾಣಬೇಕಾದದ್ದು. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಾಹನು ಅಲ್ಲಿ ಮಣ್ಣಾಗಿದ್ದಾನೆಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಮಕ್ಕಳು ಅದನ್ನು ಪ್ರತಿ ಸಲವೂ ಕೇಳಿಸಿಕೊಳ್ಳುವುದಿಲ್ಲ. ಅವರ ಲಕ್ಷ್ಯವೆಲ್ಲ ಮೇಲಿನ ಪಿಸುಮಾತಿನ ಮೊಗಸಾಲೆಯ ಮೇಲೆಯೇ ಇರುತ್ತದೆ. ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಒಳಗೆ ಕಾಲಿಟ್ಟೊಡನೆ ತಮ್ಮ ತಮ್ಮ ಹೆಸರುಗಳನ್ನು ಕೂಗುತ್ತಾರೆ. ಗುಮ್ಮಟ ಆ ಹೆಸರುಗಳನ್ನು ಮತ್ತೆ ಮತ್ತೆ ಹೇಳಿ ತೋರಿಸುತ್ತದೆ.

ಕಳೆದ ಸಲ ಹೋದಾಗ ಆರನೆಯ ತರಗತಿಯ ಹುಡುಗನೊಬ್ಬ ಕೂಗಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ. ಹೆದರಿದನೋ ಏನೋ ಎಂದು ಹತ್ತಿರ ಹೋದೆ. ಆತ ಕೇಳಿದ: "ಸರ್, ಇಲ್ಲಿ ಒದರಿದ್ದು ಇಷ್ಟು ಸಲ ತಿರುಗಿ ಬರ್ತದ. ಫೋನಿನ್ಯಾಗ ಮಾತಾಡಿದ್ದು ನಮಗ ಯಾಕ ತಿರುಗಿ ಬರಂಗಿಲ್ಲ? ಆ ಕಡೆ ಅವರ ಮನ್ಯಾಗೂ ಗ್ವಾಡಿ ಇರ್ತಾವಲ್ಲ?"

ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ, ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಗೋಡೆ 17 ಮೀಟರಾದರೂ ದೂರವಿರಬೇಕು ಎಂಬ ಪಾಠವನ್ನು ನಾನು ಮೂವತ್ತು ವರ್ಷ ಹೇಳಿಕೊಟ್ಟಿದ್ದೇನೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರು. ಹೋಗಿಬರಲು 76 ಮೀಟರು. ಆದ್ದರಿಂದ ಧ್ವನಿ ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಇಷ್ಟನ್ನು ಅಲ್ಲಿಯೇ ಬೆರಳ ಮೇಲೆ ಎಣಿಸಿ ಹೇಳಿದೆ. ಹುಡುಗ ತಲೆಯಾಡಿಸಿದ. ಆದರೆ ಅವನು ಕೇಳಿದ್ದು ಗುಮ್ಮಟದ ಮಾತಲ್ಲ, ಫೋನಿನ ಮಾತು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಉತ್ತರ ಗೊತ್ತಿಲ್ಲದ ಮಾಸ್ತರರು ಹಿಂದಿನಿಂದಲೂ ಹೇಳುತ್ತ ಬಂದ ಮಾತು ಅದು.

ಹಿಂದಿರುಗುವಾಗ ಬಸ್ಸಿನಲ್ಲಿ ಮಕ್ಕಳು ನಿದ್ದೆ ಹೋಗಿದ್ದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಹುಡುಗನ ಪ್ರಶ್ನೆ ನನ್ನನ್ನು 1991ನೆಯ ಇಸವಿಗೆ ಎಳೆದೊಯ್ದಿತ್ತು.

ಆಗ ನಾನು ಡಿ.ಎಡ್. ತರಬೇತಿ ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದೆ. ಅಣ್ಣ ಹಿಂದಿನ ವರ್ಷವೇ ಮಸ್ಕತ್ತಿಗೆ ದುಡಿಯಲು ಹೋಗಿದ್ದ. ಪತ್ರ ಬರಲು ಹದಿನೈದು ದಿನ, ಉತ್ತರ ಮುಟ್ಟಲು ಮತ್ತೆ ಹದಿನೈದು ದಿನ. ಅವ್ವನಿಗೆ ಒಮ್ಮೆಯಾದರೂ ಅವನ ಧ್ವನಿ ಕೇಳಬೇಕೆಂಬ ಹಂಬಲ. ಅಣ್ಣ ತಾನು ಕೆಲಸ ಮಾಡುವ ಜಾಗದ ನಂಬರನ್ನೂ, ಇಂಥ ದಿನ ಇಂಥ ವೇಳೆಗೆ ಅಲ್ಲಿ ಇರುತ್ತೇನೆಂಬುದನ್ನೂ ಬರೆದು ತಿಳಿಸಿದ. ಆ ದಿನ ಅವ್ವನನ್ನು ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಕರೆದೊಯ್ದೆ. ಹಳದಿ ಫಲಕದ ಬೂತಿನ ಗಾಜಿನ ಬಾಗಿಲೊಳಗೆ ತಾಯಿ ಮಗ ಇಬ್ಬರೂ ಒತ್ತಿ ನಿಂತೆವು. ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಓಡತೊಡಗಿದವು.

ಅವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊದಲೇ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಒಂದೇ ಮಾತನ್ನು ಕೇಳಿದಳು: "ಯಾವಾಗ ಬರ್ತೀಯೋ ಯಪ್ಪಾ?"

ಕೇಳಿದವಳು ತಟ್ಟನೆ ಬೆಚ್ಚಿಬಿದ್ದಳು. ಮುಖ ಬಾಡಿತು. ರಿಸೀವರನ್ನು ಕಿವಿಯಿಂದ ಇಳಿಸಿ ನನ್ನ ಕೈಗೆ ಕೊಟ್ಟಳು. ನಾನು ಕೆಂಪು ಅಂಕಿಗಳನ್ನೇ ನೋಡುತ್ತ, "ಅಣ್ಣಾ, ಎಲ್ಲಾರೂ ಆರಾಮ ಅದೀವಿ, ಕಾಗದಾ ಬರೀ" ಎಂದು ಗಡಿಬಿಡಿಯಿಂದ ಹೇಳಿ ಇಟ್ಟುಬಿಟ್ಟೆ. ಹಣ ತೆತ್ತು ಹೊರಗೆ ಬಂದ ಮೇಲೆ ಅವ್ವ ಹೇಳಿದಳು: "ನಾ ಕೇಳಿದ್ದನ್ನ ನನಗ ತಿರುಗಿ ಅಂದ. ಅಣಕಿಸಿದ. ಯಾವಾಗ ಬರ್ತೀಯೋ ಯಪ್ಪಾ ಅಂತ ನನ್ನ ಧ್ವನೀಲೆ ಅಂದ."

"ಲೈನ್ ಸರಿ ಇರ್ಲಿಲ್ಲ ಬಿಡವ್ವಾ" ಎಂದೆ. ಕಲಿತವನೆನಿಸಿಕೊಂಡ ಮಗ ಆ ದಿನ ಕೊಟ್ಟ ವಿವರಣೆ ಅಷ್ಟೇ. ಅವ್ವ ಮತ್ತೆ ಬೂತಿನ ಕಡೆ ಹೆಜ್ಜೆ ಇಡಲಿಲ್ಲ. ಎರಡು ವರ್ಷದ ಬಳಿಕ ಅಣ್ಣ ರಜೆಯ ಮೇಲೆ ಬಂದ. ಹೋಳಿಗೆ ಮಾಡಿ ಉಣಿಸಿದಳು. ಎಲ್ಲವೂ ಸರಿಯಾಗಿಯೇ ನಡೆಯಿತು. ಆದರೂ ಇಬ್ಬರ ನಡುವೆ ಏನೋ ಒಂದು ತೆಳುವಾದ ಪೊರೆ ಉಳಿದಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. 2009ರಲ್ಲಿ ಅವ್ವ ತೀರಿಕೊಂಡಳು. ಅಷ್ಟರಲ್ಲಿ ಮನೆಮನೆಗೂ ಮೊಬೈಲು ಬಂದಿತ್ತು. ಅವಳು ಮಾತ್ರ ಕೊನೆಯವರೆಗೂ ಫೋನನ್ನು ಕೈಯಲ್ಲಿ ಹಿಡಿದವಳಲ್ಲ.

ಹುಡುಗನಿಗೆ ಉತ್ತರ ಕೊಡಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷ ತಡವಾಗಿಯಾದರೂ ಅವ್ವನಿಗೆ ಉತ್ತರ ಕೊಡಬೇಕಾಗಿತ್ತು. ಪುಣೆಯಲ್ಲಿ ದೂರಸಂಪರ್ಕದ ಎಂಜಿನಿಯರನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕೇಳಿದೆ. ಅವನು ಎರಡು ರವಿವಾರ ಫೋನಿನಲ್ಲಿಯೇ ನನಗೆ ಪಾಠ ಮಾಡಿದ. ಓದಲು ಪುಸ್ತಕಗಳನ್ನೂ ಕಳಿಸಿದ. ಅವನಿಂದ ತಿಳಿದುದನ್ನು ಓದುಗ ಬಂಧುಗಳ ಮುಂದೆ ಇಡುತ್ತೇನೆ. ನಮ್ಮ ಗಡಿಭಾಗದ ಮನೆಗಳಲ್ಲಿ ಒಬ್ಬರಾದರೂ ದೂರದಲ್ಲಿಲ್ಲದ ಮನೆ ಅಪರೂಪ. ಆದಕಾರಣ ಇದು ಎಲ್ಲರಿಗೂ ಸಂಬಂಧಪಟ್ಟ ವಿಷಯವೆಂದು ತಿಳಿದಿದ್ದೇನೆ.

ಹಳೆಯ ದೂರವಾಣಿಗೆ ಮನೆಯಿಂದ ಎಕ್ಸ್‌ಚೇಂಜಿನವರೆಗೆ ಎರಡೇ ತಂತಿ. ಹೋಗುವ ಮಾತು, ಬರುವ ಮಾತು ಎರಡೂ ಅದೇ ಜೋಡಿಯ ಮೇಲೆ. ದೂರದ ಊರಿಗೆ ಹೋಗುವಾಗ ಮಾತು ದುರ್ಬಲವಾಗುತ್ತದೆ. ಅದನ್ನು ಬಲಪಡಿಸಲು ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರಾದರೋ ಒಂದೇ ದಿಕ್ಕಿನಲ್ಲಿ ಕೆಲಸ ಮಾಡತಕ್ಕದ್ದು. ಆದ್ದರಿಂದ ದೂರದ ಮಾರ್ಗದಲ್ಲಿ ಹೋಗುವುದಕ್ಕೆ ಒಂದು ಜೋಡಿ, ಬರುವುದಕ್ಕೆ ಒಂದು ಜೋಡಿ, ಹೀಗೆ ನಾಲ್ಕು ತಂತಿ. ಎರಡು ತಂತಿಯ ಮಾರ್ಗವೂ ನಾಲ್ಕು ತಂತಿಯ ಮಾರ್ಗವೂ ಕೂಡುವಲ್ಲಿ ಹೈಬ್ರಿಡ್ ಎಂಬ ಉಪಕರಣವಿರುತ್ತದೆ. ಕಾಲುವೆಯ ಕವಲಿನಲ್ಲಿ ಕೂತ ನೀರಗಂಟಿಯಂತೆ ಅದರ ಕೆಲಸ: ಬಂದ ಮಾತನ್ನೆಲ್ಲ ಮನೆಯ ಕಡೆಗೆ ಹರಿಸಬೇಕು, ಒಂದು ಹನಿಯೂ ಮರಳಿ ಹೋಗುವ ಕಾಲುವೆಗೆ ಬೀಳಬಾರದು. ಆದರೆ ಒಂದೊಂದು ಮನೆಯ ತಂತಿಯ ಉದ್ದ ಒಂದೊಂದು ತೆರನಾದ್ದರಿಂದ ತೂಬು ಪೂರ್ತಿ ಹೊಂದಿಕೊಳ್ಳುವುದಿಲ್ಲ. ತುಸು ಮಾತು ಸೋರಿ, ಆಡಿದವನ ಕಡೆಗೇ ತಿರುಗುತ್ತದೆ. ಇದೇ ದೂರವಾಣಿಯ ಪ್ರತಿಧ್ವನಿ.

ಪಕ್ಕದ ಊರಿಗೆ ಮಾತಾಡುವಾಗಲೂ ಈ ಸೋರಿಕೆ ಇದ್ದೇ ಇತ್ತು. ಆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮರಳಿ, ನಮ್ಮ ಮಾತಿನಲ್ಲಿಯೇ ಬೆರೆತುಹೋಗುತ್ತಿತ್ತು. ಮರಳುವ ಧ್ವನಿ ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗಕ್ಕಿಂತ ತಡವಾದರೆ ಮಾತ್ರ ಕಿವಿ ಅದನ್ನು ಬೇರೆಯೆಂದು ಗುರುತಿಸಿ ಕಿರಿಕಿರಿಗೊಳ್ಳತೊಡಗುತ್ತದೆ. ಉಪಗ್ರಹ ಬಂದ ಮೇಲೆ ತೊಂದರೆ ಬೆಟ್ಟದಷ್ಟಾಯಿತು. 1965ರಲ್ಲಿ ಅರ್ಲಿ ಬರ್ಡ್ ಎಂಬ ಮೊದಲ ವಾಣಿಜ್ಯ ಸಂಪರ್ಕ ಉಪಗ್ರಹ ಮೇಲೇರಿತು. ನಮ್ಮ ಪುಣೆ ಜಿಲ್ಲೆಯ ಆರ್ವಿಯಲ್ಲಿ 1971ರಲ್ಲಿ ವಿಕ್ರಮ್ ಭೂಕೇಂದ್ರ ಸ್ಥಾಪನೆಯಾಗಿ, ಉಪಗ್ರಹದ ಮೂಲಕ ಪರದೇಶದ ಮಾತು ನಮ್ಮ ದೇಶಕ್ಕೆ ಬರತೊಡಗಿತು. ಇಂಥ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಮೇಲೆ ಹೋಗಿ ಕೆಳಗೆ ಇಳಿಯಲು 72,000 ಕಿಲೋಮೀಟರ್; ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡು ಹಿಡಿಯುತ್ತದೆ. ಆ ಕಡೆಯ ಹೈಬ್ರಿಡ್‌ನಲ್ಲಿ ಸೋರಿದ ಮಾತು ಅದೇ ದಾರಿಯಲ್ಲಿ ಮರಳಲು ಮತ್ತೆ ಕಾಲು ಸೆಕೆಂಡು. ಅಂದರೆ ಆಡಿದ ಮಾತು ಅರ್ಧ ಸೆಕೆಂಡಿನ ಬಳಿಕ ಸ್ಪಷ್ಟವಾಗಿ ನಮ್ಮ ಕಿವಿಗೇ ಬಂದು ಬೀಳುತ್ತದೆ. ಗೋಳಗುಮ್ಮಟ ಇಷ್ಟು ತಡಮಾಡುವುದಿಲ್ಲ. ಅವ್ವ ಆ ದಿನ ಗೋಳಗುಮ್ಮಟಕ್ಕಿಂತ ದೊಡ್ಡದಾದ ಗುಮ್ಮಟದೊಳಗೆ ನಿಂತು ಕೂಗಿದ್ದಳು. ಅದು ಗುಮ್ಮಟವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಈ ಪೀಡೆಗೆ ಮೊದಲು ಕಂಡುಕೊಂಡ ಉಪಾಯ ಬಾಗಿಲು ಹಾಕುವುದು. 1920ರ ದಶಕದಲ್ಲಿಯೇ ಅಮೆರಿಕೆಯಲ್ಲಿ ಎಕೋ ಸಪ್ರೆಸರ್ ಎಂಬ ಉಪಕರಣ ಬಂತು. ಒಬ್ಬನು ಮಾತಾಡುವಾಗ ಎದುರು ಕಡೆಯ ಹಾದಿಯನ್ನೇ ಅದು ಮುಚ್ಚಿಬಿಡುತ್ತಿತ್ತು. ಹಾದಿ ಮುಚ್ಚಿದ ಮೇಲೆ ಪ್ರತಿಧ್ವನಿ ಎಲ್ಲಿಂದ ಬಂದೀತು? ಆದರೆ ಎದುರಿನವನ ಮಾತೂ ಬರುವಂತಿಲ್ಲ. ಇಬ್ಬರೂ ಒಮ್ಮೆಲೇ ಬಾಯಿ ತೆರೆದರೆ ಯಾರದೋ ಒಬ್ಬರ ಮಾತಿನ ತಲೆಯೋ ಬಾಲವೋ ಕತ್ತರಿಸಿ ಹೋಗುತ್ತಿತ್ತು. "ಹೂಂ", "ಹೌದಾ", "ಅಯ್ಯೋ ದೇವರೇ" ಎಂದು ನಡುನಡುವೆ ಅನ್ನದೆ ನಮ್ಮ ಜನ ಮಾತಾಡುವುದುಂಟೇ? ಇದನ್ನು ಕೇಳಿದಾಗ ನನ್ನ ಆರಂಭದ ವರ್ಷಗಳ ತರಗತಿ ನೆನಪಾಯಿತು. ನಾನು ಮಾತಾಡುವಾಗ ಮಕ್ಕಳ ಬಾಯಿ ಮುಚ್ಚಿರಬೇಕು. ಅದೇ ಶಿಸ್ತು, ಅದೇ ಒಳ್ಳೆಯ ಪಾಠ ಎಂದು ನಂಬಿದ್ದ ಕಾಲವದು.

ಬಾಗಿಲು ಹಾಕದೆ ಪ್ರತಿಧ್ವನಿಯನ್ನಷ್ಟೇ ತೆಗೆಯುವ ಬಗೆ ಹೊಳೆದದ್ದು 1960ರ ದಶಕದಲ್ಲಿ, ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ. ಜಾನ್ ಕೆಲ್ಲಿ, ಬೆನ್ ಲೋಗನ್, ಮನಮೋಹನ ಸೋಂಧಿ ಎಂಬವರ ಹೆಸರು ಈ ಕಾರ್ಯದೊಂದಿಗೆ ಕೂಡಿಕೊಂಡಿದೆ. ಕೆಲ್ಲಿ 1965ರಲ್ಲಿ ಅಕಾಲದಲ್ಲಿ ತೀರಿಕೊಂಡನು. ಸೋಂಧಿಯವರು 1967ರಲ್ಲಿ ಇದರ ಕುರಿತು ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾದುದು. ಅವರು ನಮ್ಮ ದೇಶದವರು. ದೆಹಲಿಯಲ್ಲಿ ಭೌತಶಾಸ್ತ್ರ ಓದಿ, 1950ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಪರ್ಕ ಎಂಜಿನಿಯರಿಂಗ್ ಕಲಿತು, ಅನಂತರ ಅಮೆರಿಕೆಗೆ ಹೋದವರು. ಕನ್ನಡ ನಾಡಿನ ನೀರು ಕುಡಿದ ವಿದ್ಯಾರ್ಥಿಯೊಬ್ಬ ಇಂಥ ಕೆಲಸದಲ್ಲಿ ಕೈಗೂಡಿಸಿದನೆಂದು ತಿಳಿದಾಗ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಅವರ ಉಪಾಯ ಹೀಗೆ: ದೂರದಿಂದ ಬಂದ ಮಾತು ಹೈಬ್ರಿಡ್‌ಗೆ ಹೋಗುವ ಮೊದಲೇ ಅದರ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದು. ಆ ಮಾತು ಎಷ್ಟು ಸೋರೀತು, ಎಷ್ಟು ತಡವಾಗಿ ಸೋರೀತು ಎಂದು ಲೆಕ್ಕ ಹಾಕಿ ಒಂದು ಹುಸಿ ಪ್ರತಿಧ್ವನಿಯನ್ನು ತಯಾರಿಸುವುದು. ಮರಳಿ ಹೋಗುವ ಧ್ವನಿಯಿಂದ ಈ ಹುಸಿ ಪ್ರತಿಧ್ವನಿಯನ್ನು ಕಳೆಯುವುದು. ಉಳಿದದ್ದು ಆ ಕಡೆಯವನ ನಿಜವಾದ ಮಾತು. ಇದನ್ನೇ ಎಕೋ ಕ್ಯಾನ್ಸಲರ್ ಎನ್ನುತ್ತಾರೆ. ವ್ಯವಕಲನಕ್ಕಿಂತ ದೊಡ್ಡ ಗಣಿತ ಇದರ ತಿರುಳಿನಲ್ಲಿಲ್ಲ.

ಆದರೆ ಎಷ್ಟು ಸೋರುತ್ತದೆಂದು ಅದಕ್ಕೆ ತಿಳಿಯುವುದು ಹೇಗೆ? ಅದು ಕಲಿಯುತ್ತದೆ. ಇಲ್ಲಿ ಶಿಕ್ಷಕನಾದ ನನ್ನ ಕಿವಿ ನೆಟ್ಟಗಾಯಿತು. ಮೊದಲು ಒಂದು ಅಂದಾಜು ಮಾಡುತ್ತದೆ, ಕಳೆದು ನೋಡುತ್ತದೆ, ತಪ್ಪು ಉಳಿದರೆ ಅಂದಾಜನ್ನು ತುಸು ತಿದ್ದುತ್ತದೆ. ಹೀಗೆ ತಪ್ಪಿನಿಂದಲೇ ತಿದ್ದಿಕೊಳ್ಳುವ ಸರಳವಾದ ಒಂದು ಗಣಿತ ವಿಧಾನವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್ 1960ರಲ್ಲಿ ಪ್ರಕಟಿಸಿದ್ದರು. ತಿದ್ದುವ ಹೆಜ್ಜೆ ತೀರ ಚಿಕ್ಕದಾದರೆ ಕಲಿಕೆ ನಿಧಾನ; ತೀರ ದೊಡ್ಡದಾದರೆ ಕಲಿತದ್ದೂ ಕೆಟ್ಟುಹೋಗುತ್ತದೆ. ಬೆತ್ತ ಹಿಡಿದು ಒಂದೇ ದಿನದಲ್ಲಿ ಮಗ್ಗಿ ಕಲಿಸಹೊರಟವರೆಲ್ಲ ಈ ಎರಡನೆಯ ಮಾತಿಗೆ ಸಾಕ್ಷಿ ಹೇಳಬಲ್ಲರು. ಈ ಯಂತ್ರದ ಶ್ರಮವಾದರೋ ಅಪಾರ. ದೂರವಾಣಿಯ ಧ್ವನಿಯನ್ನು ಸೆಕೆಂಡಿಗೆ 8000 ಅಂಕಿಗಳಾಗಿ ಬರೆಯುತ್ತಾರೆ. ಸೆಕೆಂಡಿನ ಸಾವಿರದಲ್ಲಿ 64 ಭಾಗದಷ್ಟು ಅವಧಿಯ ಪ್ರತಿಧ್ವನಿಯನ್ನು ಹಿಡಿಯಬೇಕಾದರೆ 512 ಅಂಕಿಗಳ ಲೆಕ್ಕ. ಅಷ್ಟನ್ನೂ ಸೆಕೆಂಡಿಗೆ 8000 ಸಲ ಗುಣಿಸಿದರೆ ನಲವತ್ತು ಲಕ್ಷಕ್ಕೂ ಮೀರಿದ ಗುಣಾಕಾರ. ಆದಕಾರಣ ಬಹಳ ವರ್ಷ ಇದು ದುಬಾರಿಯ ವಸ್ತುವಾಗಿತ್ತು. 1980ರಲ್ಲಿ ಬೆಲ್ ಪ್ರಯೋಗಶಾಲೆಯವರು ಇಡೀ ಉಪಕರಣವನ್ನು ಒಂದೇ ಚಿಪ್ಪಿನ ಮೇಲೆ ತಂದ ಮೇಲೆ ಬಳಕೆಯ ಹಾದಿ ತೆರೆಯಿತು. ಆದರೂ ಎಲ್ಲ ಮಾರ್ಗಗಳಿಗೂ ಅದು ತಲುಪಲು ಕಾಲ ಹಿಡಿಯಿತು. ಅವ್ವನ ಕರೆ ಹೋದ ಮಾರ್ಗಕ್ಕೆ ಆ ದಿನ ಅದರ ಕಾವಲು ಇರಲಿಲ್ಲ.

ಇದನ್ನು ಮಕ್ಕಳಿಗೆ ಹೇಗೆ ಹೇಳುವುದು? ತರಗತಿಯಲ್ಲಿ ಒಂದು ಆಟ ಹೂಡಿದೆ. ಒಬ್ಬ ಹುಡುಗನನ್ನು ಗುಮ್ಮಟ ಮಾಡಿದೆ. ನಾನು ಯಾವ ಅಂಕಿ ಹೇಳಿದರೂ ಅದರ ಅರ್ಧವನ್ನು ಅವನು ಮರಳಿಸಬೇಕು. ಈ ಗುಟ್ಟು ಅವನಿಗಷ್ಟೇ ಗೊತ್ತು. ಬಾಗಿಲ ಮರೆಯಲ್ಲಿ ಒಬ್ಬ ಹುಡುಗಿ. ಅವಳು ಮಾತಾಡಬೇಕೆನಿಸಿದಾಗ ತನ್ನದೊಂದು ಅಂಕಿಯನ್ನು ಗುಮ್ಮಟನ ಅಂಕಿಗೆ ಕೂಡಿಸಬಹುದು. ವಿಜಯಪುರದಲ್ಲಿ ಪ್ರಶ್ನೆ ಕೇಳಿದವನೇ ಕ್ಯಾನ್ಸಲರ್. ನಾನು 10 ಎಂದೆ. ಗುಮ್ಮಟ 5 ಎಂದ. ನಾನು 20 ಎಂದೆ, 10 ಬಂತು. "ಅರ್ಧಾ ಬರ್ತದ ಸರ್" ಎಂದು ಹುಡುಗ ಕಲಿತುಬಿಟ್ಟ. ಬಳಿಕ ನಾನು 40 ಎಂದಾಗ 23 ಬಂತು. "ಇಪ್ಪತ್ತು ನಿಮ್ಮದು ಸರ್, ಮೂರು ಆಕೀದು" ಎಂದ. ಬಾಗಿಲ ಮರೆಯ ಹುಡುಗಿ ಚಪ್ಪಾಳೆ ತಟ್ಟಿದಳು.

ಆಟವನ್ನು ಮತ್ತೆ ಮೊದಲಿನಿಂದ ಆಡಿದೆವು. ಈ ಸಲ ಕ್ಯಾನ್ಸಲರ್ ಬೇರೊಬ್ಬ ಹುಡುಗ. ನಾನು 10 ಎನ್ನುವಾಗಲೇ ಹುಡುಗಿಯೂ ಮೂರು ಕೂಡಿಸಿದಳು. 8 ಬಂತು. ಹತ್ತಕ್ಕೆ ಎಂಟು ಮರಳುತ್ತದೆಂದು ಆ ಹುಡುಗ ತಪ್ಪು ಕಲಿತ. ಮುಂದೆ ನಾನು 20 ಎಂದು, ಹುಡುಗಿ ಸುಮ್ಮನಿದ್ದು, 10 ಬಂದಾಗ, ಅವನು ಅದರಿಂದ 16 ಕಳೆಯಹೋಗಿ ತಬ್ಬಿಬ್ಬಾದ. ನಿಜವಾದ ಯಂತ್ರಕ್ಕೂ ಇದೇ ಅಪಾಯ. ಇಬ್ಬರೂ ಒಮ್ಮೆಲೇ ಮಾತಾಡುವಾಗ ಅದು ಕಲಿಯುತ್ತ ಹೋದರೆ ಎದುರಿನವನ ಮಾತನ್ನೇ ತಪ್ಪೆಂದು ಭಾವಿಸಿ ತಾನೇ ಕೆಡುತ್ತದೆ. ಆದ್ದರಿಂದ ಎದುರಿನವನು ಬಾಯಿ ತೆರೆದೊಡನೆ ಅದನ್ನು ಗುರುತಿಸಿ, ತಿದ್ದುವ ಕೆಲಸ ನಿಲ್ಲಿಸಿ, ಆಗಲೇ ಕಲಿತದ್ದರಿಂದಷ್ಟೇ ಕಳೆಯುತ್ತ ಇರುವಂತೆ ಅದನ್ನು ರಚಿಸಿದ್ದಾರೆ.

ಈಗಿನ ಮೊಬೈಲಿನಲ್ಲಿ ಹಳೆಯ ಎರಡು ತಂತಿ ಇಲ್ಲವಾದರೂ ಪ್ರತಿಧ್ವನಿ ತಪ್ಪಿಲ್ಲ. ಸ್ಪೀಕರಿನಿಂದ ಹೊರಟ ಧ್ವನಿ ಗೋಡೆಗೆ, ಮೇಜಿಗೆ ತಾಗಿ ಅದೇ ಫೋನಿನ ಮೈಕಿಗೆ ಬೀಳುತ್ತದೆ. ಹುಡುಗ ಗೋಡೆಗಳನ್ನು ಹೆಸರಿಸಿ ಕೇಳಿದ್ದು ಸರಿಯೇ ಆಗಿತ್ತು. ಇದು ತಂತಿಯ ಸೋರಿಕೆಗಿಂತ ಕಠಿಣ. ಬಾಗಿಲು ತೆರೆದರೆ, ಫೋನನ್ನು ಕೈಯಲ್ಲಿ ಎತ್ತಿದರೆ ದಾರಿಯೇ ಬದಲಾಗಿ ಮತ್ತೆ ಕಲಿಯಬೇಕಾಗುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಫೋನಿನಲ್ಲಿ ಪಾಠ ಮಾಡಿದೆವಲ್ಲ. ಒಂದೇ ಕೋಣೆಯಲ್ಲಿ ಎರಡು ಫೋನು ತೆರೆದಿಟ್ಟ ಮನೆಯಿಂದ ನನ್ನ ಮಾತು ನನಗೇ ಮರಳಿ ಬಂದು ಕೂಗಾಡಿದ್ದು ಏಕೆಂದು ಈಗ ತಿಳಿಯಿತು. ಒಂದು ಫೋನು ತಾನು ಹೊರಡಿಸಿದ ಧ್ವನಿಯನ್ನು ಕಳೆಯಬಲ್ಲದು. ಪಕ್ಕದ ಫೋನು ಹೊರಡಿಸಿದ್ದು ಅದರ ಲೆಕ್ಕದಲ್ಲಿರುವುದಿಲ್ಲ.

ಇಷ್ಟೆಲ್ಲದರಲ್ಲಿ ನನ್ನ ಮನಸ್ಸಿನಲ್ಲಿ ನಾಟಿ ನಿಂತ ಸಂಗತಿ ಒಂದೇ. ನನ್ನ ಪ್ರತಿಧ್ವನಿಯನ್ನು ಕಳೆಯುವ ಯಂತ್ರ ನನ್ನ ಬಳಿ ಇರುವುದಿಲ್ಲ. ಅದು ಇರುವುದು ಎದುರಿನವನ ಬಳಿ. ನನ್ನ ಫೋನು ನಿಮ್ಮ ಧ್ವನಿಯನ್ನು ನಿಮಗೆ ಮರಳದಂತೆ ಕಾಯುತ್ತದೆ. ನಿಮ್ಮ ಫೋನು ನನ್ನ ಧ್ವನಿಯನ್ನು ಕಾಯುತ್ತದೆ. ಆದ್ದರಿಂದ ಫೋನಿನಲ್ಲಿ ನಿಮ್ಮ ಮಾತು ನಿಮಗೇ ಕೇಳಿಸಿದರೆ ನಿಮ್ಮ ಫೋನನ್ನು ಬಡಿಯಬೇಡಿರಿ. ಎದುರಿನವರಿಗೆ ಸ್ಪೀಕರ್ ಬಂದು ಮಾಡಲೋ, ಸದ್ದು ತಗ್ಗಿಸಲೋ ಹೇಳಿರಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಆಡಿದವನಿಗೆ ಅವನ ಮಾತನ್ನೇ ಮರಳಿಸದೆ ತನ್ನ ಮಾತನ್ನು ಕೊಡುವುದು ಕೇಳುವವನ ಕರ್ತವ್ಯ. ತರಗತಿಯಲ್ಲಿ ನನ್ನ ವಾಕ್ಯವನ್ನೇ ಒಕ್ಕೊರಲಿನಿಂದ ಒಪ್ಪಿಸಿದ ಮಕ್ಕಳನ್ನು ಎಷ್ಟು ವರ್ಷ ಜಾಣರೆಂದು ಹೊಗಳಿದೆನೋ! ಅದರಲ್ಲಿ ಅವರ ಮೂರು ಎಷ್ಟು, ನನ್ನ ಇಪ್ಪತ್ತು ಎಷ್ಟು ಎಂದು ಎಣಿಸಿ ನೋಡಿರಲಿಲ್ಲ.

ಅದೇ ರಾತ್ರಿ ಸೋಲಾಪುರದಲ್ಲಿ ಮಗನ ಮನೆಯಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಆ ದಿನದ ಬೂತಿನ ಮಾತು ತೆಗೆದೆ. ಅವ್ವ ಕೇಳಿದ್ದು ಅವನಿಗೆ ಕೇಳಿಸಿತ್ತೇ ಎಂದು ವಿಚಾರಿಸಿದೆ.

"ಕೇಳಿಸಿತ್ತಲ್ಲೋ ತಮ್ಮಾ" ಎಂದ ಅಣ್ಣ. "ದೀಪಾವಳಿಗೆ ಬರ್ತೀನವ್ವಾ ಅಂದೆ. ಸಾಹೇಬ ರಜಾ ಕೊಡಲಿಲ್ಲ, ಬರಾಕ ಆಗಲಿಲ್ಲ. ಮಾತು ಕೊಟ್ಟು ತಪ್ಪಿದೆ ಅಂತ ಅವ್ವನ ಮುಂದ ಆ ಸುದ್ದೀನ ತೆಗೀಲಿಲ್ಲ. ಆಕೀನೂ ತೆಗೀಲಿಲ್ಲ. ಸಿಟ್ಟಾಗ್ಯಾಳ ಅನಕೊಂಡೆ."

ಲೆಕ್ಕ ನನ್ನ ಕಣ್ಣ ಮುಂದೆ ನಿಂತಿತು. ಅವ್ವನ ಪ್ರಶ್ನೆ ಅರ್ಧ ಸೆಕೆಂಡಿಗೆ ಅವಳ ಕಿವಿಗೇ ಮರಳಿತ್ತು. ಅದರ ಬೆನ್ನಿಗೇ ಅಣ್ಣನ ಉತ್ತರ ಬಂದಿತ್ತು. ಅಷ್ಟರಲ್ಲಿ ರಿಸೀವರ್ ಅವಳ ಕಿವಿಯಿಂದ ಕೆಳಗಿಳಿದಿತ್ತು. ಅದು ನನ್ನ ಕೈಗೆ ಬರುವ ನಡುವಿನ ಗಾಳಿಯಲ್ಲೆಲ್ಲೋ ದೀಪಾವಳಿಯ ಮಾತು ಕಳೆದುಹೋಗಿತ್ತು. ನಾನಾದರೂ "ಏನಂದಿ ಅಣ್ಣಾ?" ಎಂದು ಒಂದು ಸಲ ಕೇಳಬಹುದಿತ್ತು. ನಾನು ಕೆಂಪು ಅಂಕಿಗಳನ್ನು ನೋಡುತ್ತಿದ್ದೆ.

ಇದನ್ನೆಲ್ಲ ಅಣ್ಣನಿಗೆ ವಿವರಿಸಿ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ನನ್ನ ಧ್ವನಿಯೂ ಮರಳಿ ಬರಲಿಲ್ಲ. ಕೊನೆಗೆ ಅಣ್ಣನ ಧ್ವನಿ ಬಂತು: "ಹಂಗಾರ ಆಕಿ ಸಿಟ್ಟಾಗಿರಲಿಲ್ಲೇನೋ?"

"ಇಲ್ಲಣ್ಣಾ" ಎಂದೆ.